ಮೂರು ಮನೆಯ ಅಕ್ಷರ

ಮಾತು ನಿಂತವರ ಕೊರಳಿಗೆ ಒಂದು ಪಟ್ಟಿ ಕಟ್ಟಿದರೆ ಅವರು ಮನಸ್ಸಿನಲ್ಲಿ ಆಡಿಕೊಂಡದ್ದು ಹೊರಗೆ ಕೇಳಿಸುತ್ತದೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ ನೀಲಗಂಗವ್ವ ನಕ್ಕುಬಿಡುತ್ತಿದ್ದಳು. ಆಗ ಅವಳಿಗೆ ಅಂಥ ಪಟ್ಟಿಯ ಅಗತ್ಯವೂ ಇರಲಿಲ್ಲ. ಹುಬ್ಬಳ್ಳಿಯ ಆ ಓಣಿಯಲ್ಲಿ ಅವಳ ರೊಟ್ಟಿ ಕೇಂದ್ರಕ್ಕೆ ಬಂದವರು ರೊಟ್ಟಿ ಕಟ್ಟಿಸಿಕೊಳ್ಳುವ ಮೊದಲು ಅವಳ ಮಾತು ಕೇಳಿಯೇ ಹೋಗಬೇಕಿತ್ತು.

ನೀಲಗಂಗವ್ವನ ಮಾತಿಗೆ ಒಂದು ದಾರಿಯಿತ್ತು. ಹೇಳಬೇಕಾದದ್ದನ್ನು ಅವಳು ಎಂದೂ ಮೊದಲು ಹೇಳುತ್ತಿರಲಿಲ್ಲ. ಸಾಲಕ್ಕೆ ರೊಟ್ಟಿ ಕೇಳಲು ಬಂದ ಖಾನಾವಳಿಯವನಿಗೆ ಅವನ ಅಪ್ಪನ ಒಳ್ಳೆಯತನ, ಅವನ ತಾಯಿ ಮಾಡುತ್ತಿದ್ದ ಶೇಂಗಾ ಚಟ್ನಿ, ಅವನ ಮಗಳ ಶಾಲೆ ಎಲ್ಲವನ್ನೂ ಹೊಗಳಿ, ನೀರು ಕೊಟ್ಟು, ಕೊನೆಗೆ "ಆದ್ರ, ಆಗೂದಿಲ್ಲಪಾ" ಅನ್ನುತ್ತಿದ್ದಳು. ಅವನು ಸಿಟ್ಟಾಗದೆ ನಗುತ್ತಾ ಹೋಗುತ್ತಿದ್ದ. ಸೊಸೆ ಕಸ್ತೂರಿಯ ಹಿಟ್ಟಿಗೆ ಉಪ್ಪು ಹೆಚ್ಚಾಗಿದ್ದರೆ ಮಾತು ಬ್ಯಾಹಟ್ಟಿಯ ಯಾವುದೋ ಮದುವೆಯಿಂದ ಶುರುವಾಗಿ, ಅಲ್ಲಿಯ ಬೀಗರ ಜಗಳ ದಾಟಿ, ನಿಧಾನವಾಗಿ ಉಪ್ಪಿಗೆ ಬರುತ್ತಿತ್ತು. ಅಷ್ಟರಲ್ಲಿ ಕಸ್ತೂರಿಗೂ ನಗು ಬಂದಿರುತ್ತಿತ್ತು.

"ಅವ್ವ ಹೊಗಳಾಕ ಶುರು ಮಾಡಿದ್ಲು ಅಂದ್ರ 'ಇಲ್ಲ' ಅನ್ನೂದು ಹಿಂದ ಬರಾಕತ್ತೈತಿ ಅಂತ ತಿಳ್ಕೋ," ಎಂದು ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಗಂಡ ಗುರುಪಾದ ಮದುವೆಯಾದ ಹೊಸದರಲ್ಲೇ ಕಸ್ತೂರಿಗೆ ಎಚ್ಚರಿಕೆ ಕೊಟ್ಟಿದ್ದ.

ಅತ್ತೆ ಸೊಸೆ ಎದುರುಬದುರು ಕೂತು ರೊಟ್ಟಿ ಬಡಿಯುತ್ತಾ ಕಳೆದ ವರ್ಷಗಳಲ್ಲಿ ಆ ಸುತ್ತು ಮಾತು ಕಸ್ತೂರಿಗೆ ಮನೆಯ ಒಂದು ಸದ್ದಾಗಿಹೋಗಿತ್ತು. ತಾನು ಹುಟ್ಟಿದ ಮನೆಯಲ್ಲಿ ಎಲ್ಲರೂ ನೇರವಾಗಿ ಬೈದು ನೇರವಾಗಿ ಅತ್ತು ಮುಗಿಸುವವರು. ನೋಯಿಸದೆ ಬೇಡ ಅನ್ನಲು ಇಷ್ಟು ಶ್ರಮಪಡುವವರನ್ನು ಅವಳು ಇಲ್ಲಿಯೇ ಮೊದಲು ಕಂಡದ್ದು.

ಒಂದು ಮುಂಜಾನೆ ಹಂಚಿನ ಮುಂದೆಯೇ ನೀಲಗಂಗವ್ವ ಕುಸಿದಳು. ಪಾರ್ಶ್ವವಾಯು. ಕೈಕಾಲಿಗೆ ಸ್ವಲ್ಪ ಸ್ವಲ್ಪವಾಗಿ ಬಲ ಬಂತು, ನಾಲಿಗೆಗೆ ಬರಲಿಲ್ಲ. ಆಸ್ಪತ್ರೆಯವರು 'ಒಳನುಡಿ'ಯ ಹೆಸರು ಹೇಳಿದ್ದು ಆಗಲೇ.

ಒಳನುಡಿ ಅಂದರೆ ಕೊರಳಿಗೆ ಒಂದು ಮೆತ್ತನೆಯ ಪಟ್ಟಿ, ಎಲೆ ಅಡಿಕೆ ಡಬ್ಬಿಯಷ್ಟೇ ಇರುವ ಒಂದು ಪೆಟ್ಟಿಗೆ. ಮಾತನಾಡಬೇಕೆಂದು ಮನಸ್ಸು ಮಾಡಿದಾಗ, ದನಿ ಹೊರಡದಿದ್ದರೂ, ಗಂಟಲಿನ ನರಗಳು ಸಣ್ಣಗೆ ಮಿಡಿಯುತ್ತವೆ. ಪಟ್ಟಿ ಆ ಮಿಡಿತವನ್ನು ಹಿಡಿಯುತ್ತದೆ, ಪೆಟ್ಟಿಗೆ ಅದನ್ನು ಅಕ್ಷರ ಮಾಡಿ ಓದಿ ಹೇಳುತ್ತದೆ. ಆಸ್ಪತ್ರೆಯ ಧ್ವನಿ ಪ್ರಯೋಗಾಲಯದಲ್ಲಿ ಇದೇ ಕೆಲಸಕ್ಕೆ ದೊಡ್ಡ ಯಂತ್ರವೊಂದಿತ್ತು. ರೋಗಿಗಳು ಮೊದಲು ಅದರ ಮೇಲೆ ಅಭ್ಯಾಸ ಮಾಡಿ, ಆಮೇಲೆ ಸಣ್ಣ ಪೆಟ್ಟಿಗೆ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು. ಅಭ್ಯಾಸ ಮಾಡಿಸುತ್ತಿದ್ದವಳು ತಸ್ನೀಮ್ ಎಂಬ ಎಂಜಿನಿಯರ್.

"ಅಮ್ಮಾರ, ದನಿ ಯಾವುದು ಬೇಕ್ರಿ? ತೆಳ್ಳಗಿದ್ದದ್ದು ಐತಿ, ದಪ್ಪಗಿದ್ದದ್ದು ಐತಿ," ಎಂದು ಆಕೆ ಕೇಳಿದ್ದಳು. ನೀಲಗಂಗವ್ವ ದಪ್ಪನೆಯದನ್ನು ಆರಿಸಿಕೊಂಡಳು.

ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ ದಿನ ರೊಟ್ಟಿ ಕಟ್ಟೆಯ ಮುಂದೆ ಗಿರಾಕಿಗಳು ತುಂಬಿದ್ದರು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಪೆಟ್ಟಿಗೆಯನ್ನು ಹಲಗೆಯ ಮೇಲಿಟ್ಟು, ಕಸ್ತೂರಿ ಗುಂಡಿ ಒತ್ತಿದಳು. ನೀಲಗಂಗವ್ವ ಕಣ್ಣು ಮುಚ್ಚಿ, ಹಣೆಯಲ್ಲಿ ಬೆವರೊಡೆಯುವಷ್ಟು ಪ್ರಯತ್ನಪಟ್ಟಳು. ಪೆಟ್ಟಿಗೆ ಓಣಿಗೆಲ್ಲ ಕೇಳುವಂತೆ ಒದರಿತು.

"ಎಲ್ಲಾರೂ ಬಂದೀರಿ, ಭಾಳ ಸಂತೋಷ ಆತು, ನಮ್ಮ ಕಸ್ತೂರಿ..."

ಯಂತ್ರದ ಗಂಡು ದನಿಯಂಥ ದನಿಗೆ ಯಾರೋ ಕಿಸಕ್ಕನೆ ನಕ್ಕರು. ಕಸ್ತೂರಿ ಮುಜುಗರದಿಂದ ಕೈ ಚಾಚಿ ಸದ್ದಿನ ತಿರುಗುಣಿಯನ್ನು ಕೆಳಗಿಳಿಸಿದಳು. ಅಷ್ಟು ಹೊತ್ತಿಗೆ ಪೆಟ್ಟಿಗೆಯೂ ಸುಮ್ಮನಾಗಿತ್ತು. ಅತ್ತೆ ಹೇಳಬೇಕಾದದ್ದನ್ನು ಹೇಳಿ ಮುಗಿಸಿದರು ಎಂದುಕೊಂಡು ಅವಳು ಹಿಟ್ಟಿಗೆ ಕೈಹಾಕಿದಳು. ನೀಲಗಂಗವ್ವ ಕಣ್ಣು ತೆರೆದು, ತಿರುಗುಣಿಯಿಂದ ಹಿಂದೆ ಸರಿಯುತ್ತಿದ್ದ ಸೊಸೆಯ ಕೈಯನ್ನು ನೋಡುತ್ತಾ ಕೂತಳು. ಆ ನೋಟವನ್ನು ಕಸ್ತೂರಿ ಕಂಡಿದ್ದಳು. ದಣಿವು ಎಂದುಕೊಂಡಿದ್ದಳು.

ಅಂದಿನಿಂದ ಮನೆಯಲ್ಲಿ ನೀಲಗಂಗವ್ವನ ಮಾತು ಹಾಗೆಯೇ. "ಇವತ್ತ ಬಿಸಲು ಭಾಳ ಐತಿ, ಮಂದಿ ಹೆಂಗ ಹೊರಗ..." ಅಂದರೆ ಅಷ್ಟೇ. "ಆ ಕೆಂಪ ಸೀರಿ ಅಕ್ಕಮ್ಮ ಕೊಟ್ಟಿದ್ದು, ಆಕೀ ಮಗಳು..." ಅಷ್ಟೇ. ಒಂದು ಮಾತು ಆಡಿದರೆ ಮೈಯೆಲ್ಲ ಬೆವೆತು ಬಹಳ ಹೊತ್ತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಮತ್ತೆ ಪ್ರಯತ್ನಿಸಿದರೆ ಮತ್ತೆ ಮೊದಲಿನಿಂದ ಅದೇ ಬಿಸಿಲು, ಅದೇ ಸೀರೆ. ಮಾತು ಎಲ್ಲಿಯೂ ತಲುಪುತ್ತಿರಲಿಲ್ಲ. ಬರಬರುತ್ತಾ ಅವಳು ದಿನಕ್ಕೆ ಒಂದೋ ಎರಡೋ ಸಲ ಮಾತ್ರ ಬಾಯಿ ತೆರೆಯತೊಡಗಿದಳು. ಬಾಯಿ ಅಂದರೆ ಆ ಪೆಟ್ಟಿಗೆ.

"ರೋಗ ಬಂದ ಮ್ಯಾಲ ಮನಸು ಹಂಗ ಆಗತೈತಂತ," ಎಂದ ಗುರುಪಾದ. "ಮೊದಲಿನ ಮಾತೆಲ್ಲಾ ಹೋತು. ಇದ್ದಷ್ಟರಾಗ ಸಮಾಧಾನ ಮಾಡ್ಕೋಬೇಕು."

ಕಸ್ತೂರಿಗೆ ಸಮಾಧಾನವಾಗುತ್ತಿತ್ತೇನೋ, ಆಸ್ಪತ್ರೆಗೆ ಹೋಗಿ ಬರುವುದೊಂದು ಇರದಿದ್ದರೆ.

ತಿಂಗಳಿಗೊಮ್ಮೆ ಪಟ್ಟಿಯ ತಪಾಸಣೆಗೆ ಹೋಗಬೇಕಿತ್ತು. ಒಳಗೆ ಬೇರೆ ಸದ್ದು ಇರಬಾರದೆಂದು ಮನೆಯವರು ಗಾಜಿನ ಆಚೆ ಕೂರುತ್ತಿದ್ದರು. ಮಾತು ಕೇಳಿಸುತ್ತಿರಲಿಲ್ಲ, ಎಲ್ಲ ಕಾಣಿಸುತ್ತಿತ್ತು. ಅತ್ತೆ ದೊಡ್ಡ ಯಂತ್ರದ ಮುಂದೆ ಕೂತಿದ್ದಾರೆ. ತಸ್ನೀಮ್ ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದಾಳೆ. ಕೇಳುತ್ತಾಳೆ, ಕೇಳುತ್ತಾಳೆ, ಅವಳ ಚಹಾ ಆರಿ ಕೆನೆಗಟ್ಟುತ್ತದೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಹಾಗೆ ನಗಬೇಕಾದರೆ ಮಾತು ಬಹಳ ದೂರ ಸುತ್ತಿ ಬಂದಿರಬೇಕು ಎಂಬುದು ಕಸ್ತೂರಿಗೆ ಗೊತ್ತಿತ್ತು. ಒಂದು ಕಾಲಕ್ಕೆ ಆ ನಗು ತನ್ನದಾಗಿತ್ತು.

"ನಿಮ್ಮತ್ತಿ ಏನ ಮಾತಾಡ್ತಾರ್ರಿ ಅಕ್ಕಾರ! ನನಗ ಮನಿಗೆ ಹೋಗಾಕ ಮನಸಾಗೂದಿಲ್ಲ," ಎಂದಳು ತಸ್ನೀಮ್ ಹೊರಗೆ ಬಂದು. "ಮನಿಯಾಗ ನಿಮಗ ಪುರಸೊತ್ತು ಕೊಡ್ತಾರೋ ಇಲ್ಲೋ?"

"ಕೊಡ್ತಾರ್ರಿ," ಎಂದಳು ಕಸ್ತೂರಿ. ಮುಖದಲ್ಲಿ ನಗು ಇಟ್ಟುಕೊಂಡೇ ಆಟೋ ಹತ್ತಿದಳು.

ಆಟೋದಲ್ಲಿ ತಡೆಯಲಾಗದೆ ಕೇಳಿದಳು. "ಅಷ್ಟೊತ್ತು ಏನ ಹೇಳಾಕತ್ತಿದ್ರಿ ಅತ್ತೀ?"

ಮಡಿಲಲ್ಲಿದ್ದ ಪೆಟ್ಟಿಗೆ ಹೇಳಿತು: "ಆ ಹುಡುಗಿ ಭಾಳ ಚೊಲೋ ಐತಿ, ತಾಯಿ ಇಲ್ಲದ ಕೂಸು..."

ಉಳಿದ ದಾರಿಯೆಲ್ಲ ಮೌನ. ಹೆಣ್ಣಿನ ಮನಸ್ಸು ಇಂಥ ಮೌನವನ್ನು ಖಾಲಿ ಬಿಡುವುದಿಲ್ಲ. ತಾನು ಕೊಟ್ಟ ಗಂಜಿ, ಬದಲಿಸಿದ ಹಾಸಿಗೆ, ಅವಸರದಲ್ಲಿ ಆಡಿದ ಒಂದೆರಡು ಬಿರುಸು ಮಾತು, ಎಲ್ಲವನ್ನೂ ತೆಗೆದು ಅದರಲ್ಲಿ ತುಂಬುತ್ತಾ ಕೂತಳು ಕಸ್ತೂರಿ. ಹೊರಗಿನವರಿಗೆ ಅಷ್ಟು ಮಾತು, ತನಗೆ ಬರೀ ಬಿಸಿಲಿನ ಸುದ್ದಿ. ಮನೆ ತಲುಪುವ ಹೊತ್ತಿಗೆ ಅವಳಿಗೆ ಎಲ್ಲವೂ ಸ್ಪಷ್ಟವಾಗಿತ್ತು, ಮತ್ತು ಎಲ್ಲವೂ ತಪ್ಪಾಗಿತ್ತು. ಅಂದಿನಿಂದ ಅವಳೂ ಅತ್ತೆಯ ಜೊತೆ ಬೇಕಾದಷ್ಟು ಮಾತ್ರ ಆಡತೊಡಗಿದಳು. ಊಟ ಹಾಕಲೇನ್ರಿ. ಫ್ಯಾನು ಹಚ್ಚಲೇನ್ರಿ. ರೊಟ್ಟಿ ಬಡಿಯುವಾಗ ಬಾಯಿ ಬಿಗಿದು ಬಡಿದಳು.

ವಿಜಯಪುರದಿಂದ ನಾದಿನಿ ಶೈಲಜಾ ಬಂದದ್ದು ಆ ದಿನಗಳಲ್ಲೇ. ಅವಳು ಶಾಲೆಯಲ್ಲಿ ಶಿಕ್ಷಕಿ, ಹೊಸದಾಗಿ ಮನೆ ಕಟ್ಟಿಸಿದ್ದಳು.

"ವೈನಿ, ನೀವೂ ಎಷ್ಟ ಅಂತ ಮಾಡ್ತೀರಿ? ಕೇಂದ್ರ ನಡಸಬೇಕು, ಅವ್ವನ್ನ ನೋಡಬೇಕು. ಸ್ವಲ್ಪ ದಿನ ನಮ್ಮಲ್ಲಿರ್ಲಿ. ಇಷ್ಟ ಆದ್ರ ಅಲ್ಲೇ ಇರ್ಲಿ."

"ಅವ್ವನ್ನ ಕೇಳೂಣು," ಎಂದ ಗುರುಪಾದ. ಎಲ್ಲರೂ ಕುರ್ಚಿಯ ಸುತ್ತ ನಿಂತರು. "ಅವ್ವಾ, ಶೈಲಾನ ಕೂಡ ವಿಜಯಪುರಕ್ಕ ಹೋಗ್ತಿಯೇನು?"

ನೀಲಗಂಗವ್ವ ಒಮ್ಮೆ ಮಗಳನ್ನು, ಒಮ್ಮೆ ಸೊಸೆಯನ್ನು ನೋಡಿದಳು. ಕಣ್ಣು ಮುಚ್ಚಿದಳು. ಅಷ್ಟು ಹೊತ್ತು ಅವಳು ಎಂದೂ ತೆಗೆದುಕೊಂಡಿರಲಿಲ್ಲ. ಕೊರಳಿನ ಪಟ್ಟಿಯ ಕೆಳಗೆ ನರಗಳು ಅದುರುವುದು ಕಾಣುತ್ತಿತ್ತು.

"ಶೈಲಾನ ಮನಿ ದೊಡ್ಡದೈತಿ, ಗಾಳಿ ಬೆಳಕು ಚೊಲೋ ಐತಿ..."

ಕಸ್ತೂರಿ ಕಾದಳು. ಕೈಯಲ್ಲಿ ಹಿಟ್ಟಿನ ಉಂಡೆ ಹಾಗೆಯೇ ಇತ್ತು. ಇನ್ನೇನು 'ಆದ್ರ' ಬರುತ್ತದೆ, ಬರಬೇಕು. ಪೆಟ್ಟಿಗೆ ಸುಮ್ಮನಿತ್ತು. ಅತ್ತೆ ಬೆವೆತು, ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿಕೊಂಡೇ ಇದ್ದರು. ಇನ್ನೊಮ್ಮೆ ಕೇಳಬೇಕೆಂದು ಕಸ್ತೂರಿಗೆ ಅನಿಸಿತು. ಆದರೆ ಒಳಗೆ ನೋವಿತ್ತು, ಆ ನೋವಿನ ಪಕ್ಕದಲ್ಲೇ, ಅವಳು ಯಾರಿಗೂ ಹೇಳಲಾರದ ಹಾಗೆ, ಸಣ್ಣದೊಂದು ಹಗುರವೂ ಇತ್ತು. ಅವಳು ಕೇಳಲಿಲ್ಲ.

"ಆತಲ್ಲ, ಅವ್ವಗೂ ಮನಸೈತಿ," ಎಂದಳು ಶೈಲಜಾ.

ಮಾಘದಲ್ಲಿ ಹೋದ ನೀಲಗಂಗವ್ವ ಯುಗಾದಿಗೂ ಬರಲಿಲ್ಲ. ಅಲ್ಲಿ ಪಟ್ಟಿಯನ್ನೇ ಕಟ್ಟಿಕೊಳ್ಳುತ್ತಿಲ್ಲ, ಕೈಸನ್ನೆಯಲ್ಲೇ ಎಲ್ಲ ನಡೆಯುತ್ತಿದೆ ಎಂದು ಶೈಲಜಾ ಫೋನಿನಲ್ಲಿ ಹೇಳಿದಳು. ಹುಬ್ಬಳ್ಳಿಯಲ್ಲಿ ಕುರ್ಚಿ ಖಾಲಿ ಇತ್ತು. ಗಿರಾಕಿಗಳು ಅದರ ಮೇಲೆ ಚೀಲ ಇಡತೊಡಗಿದಾಗ ಕಸ್ತೂರಿ ಅದನ್ನು ಒಳಗೆ ಎತ್ತಿಟ್ಟಳು.

ಪ್ರಯೋಗಾಲಯದಿಂದ ಫೋನ್ ಬಂದದ್ದು ಬೇಸಿಗೆಯ ಮಧ್ಯದಲ್ಲಿ. ತಸ್ನೀಮಳ ದನಿಯಲ್ಲಿ ಎಂದಿನ ನಗು ಇರಲಿಲ್ಲ. "ಅಕ್ಕಾರ, ಅಮ್ಮಾರನ್ನ ಕರಕೊಂಡು ಬರ್ತೀರೇನು? ಇಲ್ಲಾಂದ್ರ ನೀವರ ಬರ್ರಿ. ಒಂದು ತಪ್ಪು ಸಿಕ್ಕೈತಿ."

ತಪ್ಪು ಸಿಕ್ಕದ್ದು ಪರ್ವತೀಕರ್ ಮಾಸ್ತರರ ಹೆಂಡತಿಯಿಂದ. ಮಾಸ್ತರರು ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಒಳನುಡಿ ಕಟ್ಟಿಕೊಂಡಿದ್ದರು. ಅವರ ಹೆಂಡತಿ ಉಷಾಬಾಯಿ ಪ್ರಯೋಗಾಲಯಕ್ಕೆ ಬಂದು ಜಗಳವನ್ನೇ ತೆಗೆದಿದ್ದರು. "ಅಳಿಯನ ಮುಂದ ಇಂಗ್ಲಿಷ್‌ನಾಗ ತಾಸುಗಟ್ಲೆ ಭಾಷಣ ಮಾಡ್ತಾರ. ನನ್ನ ಜೊತಿ ಕನ್ನಡದಾಗ ಮಾತಾಡೂದು ಬಂತಂದ್ರ ಅರ್ಧಕ್ಕ ಬಾಯಿ ಮುಚ್ಕೋತಾರ. ನಲವತ್ತು ವರ್ಷ ಸಂಸಾರ ಮಾಡೀನಿ, ಇದು ಅವರ ಗುಣ ಅಲ್ಲ, ನಿಮ್ಮ ಡಬ್ಬಿ ಗುಣ. ರಿಪೇರಿ ಮಾಡ್ರಿ!"

ಪ್ರಯೋಗಾಲಯಕ್ಕೆ ಬಂದ ಕಸ್ತೂರಿಗೆ ಇದನ್ನು ಹೇಳುವಾಗ ತಸ್ನೀಮಳಿಗೆ ಅರೆಕ್ಷಣ ನಗು ಬಂತು, ಹೋಯಿತು. ಅವಳು ಪರದೆಯ ಮೇಲೆ ಚೌಕಗಳ ಒಂದು ಸಾಲು ತೋರಿಸಿದಳು.

"ಚೌಕಾಬಾರ ಆಡೀರಲ್ರಿ ಅಕ್ಕಾರ? ಹಂಗ ಇವು ಮನಿ ಅಂತ ತಿಳ್ಕೋರ್ರಿ. ಈ ಪ್ರೋಗ್ರಾಮು ಸಿ ಅಂತ ಒಂದು ಹಳೀ ಭಾಷಾದಾಗ ಬರದೈತಿ. ಅದರಾಗ ಮಾತು ಅಂದ್ರ ಇಂಥ ಮನಿಗಳ ಸಾಲು, ಕಡೀಕ ಒಂದು ಸೊನ್ನಿ. ಸೊನ್ನಿ ಬಂತಂದ್ರ ಮಾತು ಮುಗೀತು. ಒಂದು ಮಾತಿಗೆ ಇಷ್ಟ ಮನಿ ಅಂತ ಮೊದಲ ಹೇಳಿಟ್ಟಿರ್ತೈತಿ. ಇಂಗ್ಲಿಷ್ ಅಕ್ಷರ ಒಂದು ಮನಿಯಾಗ ಕೂಡ್ತೈತಿ. ನಮ್ಮ ಕನ್ನಡದ್ದು ಒಂದಕ್ಕ ಮೂರು ಮನಿ ಬೇಕು. ಕಾಗುಣಿತ, ಒತ್ತು ಬಂತಂದ್ರ ಮತ್ತ ಮೂರ ಮೂರು."

"ಮತ್ತ ಇಲ್ಲೆ ಅಷ್ಟ ಮಾತಾಡ್ತಿದ್ರಲ್ಲ?"

"ಇಲ್ಲಿ ಯಂತ್ರ ಬ್ಯಾರೆ. ಇದರಾಗ ಮನಿ ಅಗಲ ಅದಾವ, ಒಂದೊಂದರಾಗ ನಮ್ಮ ಅಕ್ಷರನೂ ಪೂರಾ ಹಿಡಿತೈತಿ. ಬರದ ಪ್ರೋಗ್ರಾಮು ಒಂದ, ಖರೆ ಇಲ್ಲಿ ಮನಿಗಳ ಸಾಲೂ ಉದ್ದ. ಆದ್ರ ನಿಮ್ಮ ಪೆಟಿಗ್ಯಾಗ ಮನಿ ಸಣ್ಣು. ತುಂಬಿದ ಕೂಡ್ಲೆ ಅದು ಸೊನ್ನಿ ಹಾಕಿ ಕೂತುಬಿಡ್ತಿತ್ತು. ಶಬ್ದ ಅರ್ಧಕ್ಕ ಮುರದಿದ್ರ ಆ ಚೂರನ್ನೂ ನುಂಗ್ತಿತ್ತು. ಒಂದು ಕರ್ರ್ ಅಂತ ಸಪ್ಪಳ ಆಗಿದ್ರೂ ನಮಗ ತಿಳೀತಿತ್ತು."

ಕಸ್ತೂರಿ ಆ ಚೌಕಗಳನ್ನೇ ನೋಡುತ್ತಿದ್ದಳು. "ನೀವು ಮೊದಲ ನೋಡಿರ್ಲಿಲ್ಲೇನ್ರಿ?"

ತಸ್ನೀಮ್ ಕೆಳಗೆ ನೋಡಿದಳು. "ನೋಡಿದ್ವಿ. 'ನೀರು ಬೇಕು.' 'ಹೊಟ್ಟಿ ನೋಯ್ತದ.' 'ದೀಪ ಆರಿಸು.' ಎಲ್ಲಾ ಚೊಲೋ ಕೇಳ್ತು. ಜಡ್ಡ ಬಿದ್ದವರು ಇನ್ನೇನ ಮಾತಾಡ್ತಾರ ಅಂತ ನಾವ ತಿಳ್ಕೊಂಡಿದ್ವಿ."

"ಹಂಗಾರ ಉಳದ ಮಾತು? ಅವು ಎಲ್ಲಿ ಅದಾವ?"

"ಎಲ್ಲೂ ಇಲ್ರಿ ಅಕ್ಕಾರ. ಮನಿ ತುಂಬಿದ ಮ್ಯಾಲ ಬಂದದ್ದಕ್ಕ ಜಾಗಾನ ಇರ್ಲಿಲ್ಲ. ಅದನ್ನ ಯಾರೂ ಎತ್ತಿಟ್ಕೊಂಡಿಲ್ಲ."

ಕಸ್ತೂರಿಗೆ ಬಿಸಿಲಿನ ಮಾತು ನೆನಪಾಯಿತು. ಮಂದಿ ಹೆಂಗ ಹೊರಗ... ಅಲ್ಲಿಂದ ಸುತ್ತಿ ಸುತ್ತಿ ಅದು ಎಲ್ಲಿಗೆ ಬರುತ್ತಿತ್ತು? ಹಂಚಿನ ಮುಂದಿಂದ ಏಳು, ಒಂದು ಗಳಿಗೆ ಕೂತುಕೋ ಅನ್ನುವಲ್ಲಿಗೇ? ಅಕ್ಕಮ್ಮ ಕೊಟ್ಟ ಕೆಂಪು ಸೀರೆ ತಾನು ಉಟ್ಟಿದ್ದ ದಿನ ಚೆಂದ ಕಾಣುತ್ತೀ ಅನ್ನಲು ಹೊರಟಿದ್ದರೇ, ಹರಿದಿದೆ ನೋಡಿಕೋ ಅನ್ನಲು ಹೊರಟಿದ್ದರೇ? ಎಷ್ಟು ಮಾತುಗಳ ಬಾಗಿಲು ಮಾತ್ರ ತನಗೆ ಕಂಡಿತ್ತು. ಬಾಗಿಲನ್ನೇ ಮನೆ ಎಂದುಕೊಂಡು ತಾನು ಮುನಿಸಿಕೊಂಡಿದ್ದಳು. ಮೊದಲ ದಿನ, ಎಲ್ಲರ ಮುಂದೆ, 'ನಮ್ಮ ಕಸ್ತೂರಿ' ಎಂದಿದ್ದರಲ್ಲ, ಅದರ ಮುಂದೆ ಏನಿತ್ತು?

"ಇನ್ನೊಂದು ಹೇಳಬೇಕ್ರಿ," ಎಂದಳು ತಸ್ನೀಮ್. "ಒಂದ ಸಲ ಇಲ್ಲೆ ಅಮ್ಮಾರು ನಿಮ್ಮ ಸುದ್ದಿ ಹೇಳಿದ್ರು. ಕಸ್ತೂರಿ ಭಾಳ ದುಡಿತಾಳ, ಮಂದಿ ಬರ್ತಾರ ಹೋಗ್ತಾರ, ಅದರಾಗ ಮುದುಕಿ ಮಾತು ಕೇಳ್ಕೋಂತ ಕೂಡಾಕ ಆಗತೈತೇನು, ಅದಕ್ಕ ನನ್ನ ಮಾತು ಸ್ವಲ್ಪ ಕಡಿಮಿ ಮಾಡಿಟ್ಟಾಳ, ಆಕೀದೇನ ತಪ್ಪಿಲ್ಲ, ಅಂದ್ರು. ನಾ ಮನೀ ಮಾತು ಅಂತ ಬಿಟ್ಟಬಿಟ್ಟೆ. ಪೆಟಿಗಿ ಬಗ್ಗೆ ಹೇಳಾಕತ್ತಾರ ಅಂತ ನನಗ ಹೊಳೀಲೇ ಇಲ್ಲ."

ಕಸ್ತೂರಿಗೆ ಒಮ್ಮೆಲೇ ತನ್ನ ಕೈ ಕಂಡಿತು. ತಿರುಗುಣಿಯ ಮೇಲಿನ ಕೈ. ಅದನ್ನು ನೋಡುತ್ತಿದ್ದ ಅತ್ತೆಯ ಕಣ್ಣು ಕಂಡಿತು. ಹೊರಗಿನವಳ ಮುಂದೆಯೂ ಸೊಸೆಯನ್ನು ಬಿಟ್ಟುಕೊಡದೆ, ಅವಳ ತಪ್ಪಲ್ಲ ಎಂದು ಸುತ್ತಿ ಬಳಸಿ ಹೇಳಿದ ಆ ಮುದುಕಿ, ಮನೆಯಲ್ಲಿ ದಿನವೂ ಆ ಕೈಯಿಂದಲೇ ಗಂಜಿ ಕುಡಿದಿದ್ದಳು.

ತಸ್ನೀಮ್ ತಿದ್ದಿದ ಹೊಸ ಪೆಟ್ಟಿಗೆಯನ್ನು ಕೊಟ್ಟಳು. "ಈಗ ಮಾತು ಎಷ್ಟ ಉದ್ದ ಆದ್ರೂ ಹಿಡಿತೈತಿ. ಈ ಹಸರ ದೀಪ ಇರೂತನಕ ಜಾಗ ಐತಿ ಅಂತ ತಿಳ್ಕೋರಿ."

"ನಾಳೆನ ಹೋಗು. ಕರಕೊಂಡ ಬಾ," ಎಂದ ಗುರುಪಾದ, ಎಲ್ಲ ಕೇಳಿದ ಮೇಲೆ. ಊಟದ ತಟ್ಟೆ ಸರಿಸಿ ಎದ್ದ. ಆಮೇಲೆ ತಾನೇ ಹೋಗಿ ಒಳಗಿದ್ದ ಕುರ್ಚಿಯನ್ನು ಹೊರಗೆ ತಂದು, ಒರೆಸಿ, ಹಳೆಯ ಜಾಗದಲ್ಲಿ ಇಟ್ಟ.

ವಿಜಯಪುರದ ಮನೆ ನಿಜಕ್ಕೂ ದೊಡ್ಡದಿತ್ತು, ಗಾಳಿ ಬೆಳಕು ಚೆನ್ನಾಗಿತ್ತು. ಶೈಲಜಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಹೋಗಿದ್ದಳು. ಬಾಗಿಲು ತೆರೆದ ಅಡಿಗೆಯವಳು ಮತ್ತೆ ಒಳಗೆ ಹೋದಳು. ಪಡಸಾಲೆಯ ಕಿಟಕಿಯ ಬಳಿ ಕೂತಿದ್ದ ನೀಲಗಂಗವ್ವ ಸೊಸೆಯನ್ನು ಕಂಡು ಎಡಗೈ ಎತ್ತಿದಳು. ಮೈ ಇಳಿದಿತ್ತು.

ಕಸ್ತೂರಿ ನೆಲದ ಮೇಲೆ ಅವಳ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದಳು. ಚೌಕಗಳ ಮಾತು ತಾನು ತಿಳಿದಷ್ಟು ಹೇಳಿದಳು. "ನಾ ಸದ್ದು ಅಷ್ಟ ಸಣ್ಣು ಮಾಡಿದ್ದೆ ಅತ್ತೀ, ಮಂದಿ ನಕ್ಕರು ಅಂತ. ನಿಮ್ಮ ಮಾತು ನಾ ಕಟ್ಟಿರ್ಲಿಲ್ಲ. ಆಣಿ ಮಾಡಿ ಹೇಳ್ತೀನಿ. ನೀವ ನನ್ನ ಜೊತಿ ಮಾತು ಬಿಟ್ರಿ ಅಂತ ನಾ ತಿಳ್ಕೊಂಡೆ. ನಡೀರಿ, ನಮ್ಮ ಮನಿಗೆ ಹೋಗೂಣು. ನಿಮ್ಮ ಮಗ ಕುರ್ಚಿ ಹೊರಗ ಇಟ್ಟಾರ."

ನೀಲಗಂಗವ್ವನ ಕಣ್ಣಿಂದ ನೀರಿಳಿಯಿತು. ಬಹಳ ಹೊತ್ತು ಸೊಸೆಯ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಆಮೇಲೆ ತಾನಾಗಿಯೇ ಕೊರಳು ಮುಂದೆ ಮಾಡಿದಳು. ಕಸ್ತೂರಿ ಪಟ್ಟಿ ಕಟ್ಟಿದಳು. ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು.

"ಕಸ್ತೂರಿ, ಬಂದಿ, ಚೊಲೋ ಆತು. ಮುಂಜಾನಿ ಬಸ್ ಹಿಡದಿರಬೇಕು, ಹೊಟ್ಟಿಗೆ ಏನೂ ಹಾಕ್ಕೊಂಡಿರಂಗಿಲ್ಲ. ಒಳಗ ರೊಟ್ಟಿ ಮಾಡಾಕತ್ತಾಳ, ತಿನ್ನು, ಆದ್ರ ಹಲ್ಲು ಜ್ವಾಕಿ. ಆಕೀ ಬಡಿಯೂ ಸಪ್ಪಳ ಕೇಳಿದ್ರ ಗೊತ್ತಾಗತೈತಿ, ಅದು ರೊಟ್ಟಿ ಅಲ್ಲ, ಹಲಗಿ."

ಕಸ್ತೂರಿ ಅಳುತ್ತಲೇ ನಕ್ಕಳು. ಮಾತು ನಿಲ್ಲಲಿಲ್ಲ. ಎಷ್ಟು ಕಾಲದ ಮೇಲೆ, ಮಾತು ನಿಲ್ಲಲಿಲ್ಲ.

"ನೀ ನಮ್ಮ ಮನಿಗೆ ಬಂದಾಗ ಹಿಟ್ಟು ನಾದಾಕ ಬರ್ತಿರ್ಲಿಲ್ಲ. ಈಗ ಇಡೀ ಓಣಿ ನಿನ್ನ ರೊಟ್ಟಿ ತಿಂತೈತಿ. ನಾ ಬಿದ್ದಾಗ ನನ್ನ ತೊಳದಿ, ಬಳದಿ, ಒಂದ ದಿನ ಮಾರಿ ಸಿಂಡರಿಸಲಿಲ್ಲ. ಹೊಟ್ಟ್ಯಾಗ ಹುಟ್ಟಿದಾಕಿನೂ ಅಷ್ಟ ಮಾಡಾಕಿಲ್ಲ. ನಿನ್ನಂಥ ಸೊಸಿ ಸಿಗಬೇಕಂದ್ರ ಪುಣ್ಯ ಮಾಡಿರಬೇಕು..."

ಕಸ್ತೂರಿಯ ನಗು ಅಲ್ಲಿಯೇ ನಿಂತಿತು. ಈ ದಾರಿ ಅವಳಿಗೆ ಗೊತ್ತಿತ್ತು. ಖಾನಾವಳಿಯವನು ನೀರು ಕುಡಿದು ನಗುತ್ತಾ ಹೋದ ದಾರಿ. ಹೊಗಳಿಕೆ ಹೆಚ್ಚಾದಷ್ಟೂ ಅದರ ಹಿಂದೆ ನಿಂತಿರುವುದು ದೊಡ್ಡದು. ಪೆಟ್ಟಿಗೆ ಇಲ್ಲಿಯೇ ತುಂಬಿಹೋಗಲಿ, ಇಲ್ಲಿಯೇ ಸೊನ್ನೆ ಹಾಕಿ ಕೂರಲಿ ಎಂದು ಅವಳು ಮನಸ್ಸಿನಲ್ಲಿ ಬೇಡಿಕೊಂಡಳು. ದೀಪ ಹಸಿರಾಗಿಯೇ ಉರಿಯುತ್ತಿತ್ತು.

"ಆದ್ರ ಕಸ್ತೂರಿ, ಇಂಥಾಕಿ ನನ್ನ ಬಾಯಿ ಕಟ್ಯಾಳ ಅಂತ ನಾ ನಂಬಿದ್ನಲ್ಲ. ಕೇಳಬಹುದಿತ್ತು, ಕೇಳಲಿಲ್ಲ. ನಿನ್ನ ಕೈ ನೋಡ್ಕೋಂತ ಕುಂತೆ, ನಂಬಿಕೋಂತ ಹೋದೆ. ಇನ್ನ ನಿನ್ನ ಎದುರಿಗೆ ಕುಂತು ನಿನ್ನ ರೊಟ್ಟಿ ತಿನ್ನಾಕ ನನಗ ಆಗೂದಿಲ್ಲವ್ವಾ. ನಾ ಇಲ್ಲೇ ಇರ್ತೀನಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ನಾನೂ ಹಾಗೆಯೇ ನಂಬಿದ್ದೆ ಅತ್ತೀ, ನಾನೂ ಕೇಳಲಿಲ್ಲ, ಅಂದು ಒಳಗೆ ಸ್ವಲ್ಪ ಹಗುರವೂ ಆಗಿತ್ತು ಎಂದು ಹೇಳಲು ಕಸ್ತೂರಿ ಬಾಯಿ ತೆರೆದಳು. ಅವಳ ಕೊರಳಿಗೆ ಯಾವ ರೋಗವೂ ಇರಲಿಲ್ಲ. ಆದರೂ "ಆತ್ರಿ ಅತ್ತೀ" ಎಂಬಷ್ಟೇ ಹೊರಟಿತು.

ಇಬ್ಬರ ನಡುವೆ ಪೆಟ್ಟಿಗೆಯ ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಇನ್ನೂ ಎಷ್ಟೋ ಮಾತಿಗೆ ಅದರಲ್ಲಿ ಜಾಗವಿತ್ತು.